ಹತ್ತನೇ ನಂಬರಿನ ಬೋಲ್ಟು

ಒಂಡಂಗ್ವಾ ಪೇಟೆ ದಾಟಿದರೆ ಎಡಕ್ಕೆ,
ಹಳೆ ಟೈರುಗಳ ಬೇಲಿಯೊಳಗೆ, ಮರೂಲ ಮರದ ಬುಡದಲ್ಲಿ
ನಮ್ಮ ಗ್ಯಾರೇಜು. ನಮ್ಮದೆಂದರೆ ನಮುತೇನ್ಯಳದು;
ನಾನು ಟಾರ್ಚ್ ಹಿಡಿಯುವವನು.

ಶಿಕೇಶೋ ಮೇಷ್ಟ್ರು ತಂದ ಪಿಕಪ್ಪಿಗೆ
ನಾಲ್ಕು ಆಡು ಹೇರಿದರೆ ಸಾಕು, ಏದುಸಿರು.
ಹಿಂದೆ ಬಂದವರ ಮುಖಕ್ಕೆಲ್ಲ ಕರಿ ಹೊಗೆ.
ಸ್ಟೀರಿಂಗಿನ ಹಿಂದೆ ಹಳದಿ ದೀಪ, ಆರುವ ಮಾತೇ ಇಲ್ಲ.
"ಎಲ್ಲರೂ ತಗಡು ಕೂರಿಸಿ ಮುಚ್ಚಿಸುತ್ತಾರಂತೆ.
ನನ್ನದಕ್ಕೂ ಮುಚ್ಚಿಬಿಡಮ್ಮ."

ಅವಳು ಉತ್ತರ ಕೊಡಲಿಲ್ಲ, ಬಾನೆಟ್ಟು ಎತ್ತಿದಳು.
ಅವಳ ಕ್ರಮವೇ ಹಾಗೆ: ಮೊದಲು ಮೂಗು, ಆಮೇಲೆ ಕೈ,
ಕಟ್ಟಕಡೆಗೆ ಬಾಯಿ.

ಮೂರು ಬೋಲ್ಟು ಸುಮ್ಮನೆ ಬಂದವು.
ನಾಲ್ಕನೆಯದು ಹಟ ಹಿಡಿಯಿತು.
ಡೀಸೆಲ್ ಹನಿಸಿ, ಒಂದು ಲೋಟ ಸಜ್ಜೆಯ ಹುಳಿಗಂಜಿ
ಕುಡಿದು ಮುಗಿಸುವಷ್ಟು ಹೊತ್ತು ಬಿಟ್ಟು
ತಲೆಗೆ ಎರಡು ಮೊಟಕಿ, ತಿರುಗಿಸಿದಳು.

ಹೆಬ್ಬೆರಳು ತೂರಬೇಕಾದ ಕವಾಟದ ಬಾಯಲ್ಲಿ
ಕಿರುಬೆರಳಿಗೂ ದಾರಿಯಿಲ್ಲ.
ಮಸಿಯೆನ್ನಲಾರೆ, ಮಸಿಯಾದರೆ ಒರೆಸಿದರೆ ಹೋಗುತ್ತದೆ.
ತಳ ಹತ್ತಿದ ಅಂಬಲಿಯ ಹಾಗೆ ಪದರದ ಮೇಲೆ ಪದರ,
ಮೇಲೆ ಜಿಗುಟು, ಒಳಗೆ ಕಲ್ಲು.
ತಾನು ಬಿಟ್ಟ ಉಸಿರನ್ನೇ ಇಂಜಿನ್ನು ಒಂದಿಷ್ಟು
ಮತ್ತೆ ಎಳೆದುಕೊಳ್ಳಬೇಕು; ಅದಕ್ಕೆಂದೇ ಇಟ್ಟ ಬಾಗಿಲು.
ಉಗುಳಿದ್ದನ್ನು ನುಂಗುವ ಕೆಲಸ.
ನುಂಗಿ ನುಂಗಿ ಗಂಟಲು ಕಟ್ಟಿತ್ತು.

ಮೊಂಡ ಚಾಕು, ಸೈಕಲ್ಲಿನ ಕಡ್ಡಿ,
ಅವಳ ತಮ್ಮನ ಹಲ್ಲುಜ್ಜುವ ಬ್ರಷ್ಷು
(ಅವನಿಗೆ ಇನ್ನೂ ಗೊತ್ತಿಲ್ಲ).
ಕೆರೆದಳು, ಸ್ಪ್ರೇ ಹೊಡೆದಳು, ಮತ್ತೆ ಕೆರೆದಳು.
ಹಾಳೆಯ ಮೇಲೆ ಕರಿ ಚಕ್ಕೆ ಗುಡ್ಡೆಯಾಯಿತು.
ನಡುಹಗಲು ಹುಟ್ಟಿದಳೆಂದು ಆ ಹೆಸರಿಟ್ಟರಂತೆ;
ಮೊಣಕೈವರೆಗೆ ಆಗಲೇ ಕತ್ತಲಾಗಿತ್ತು.

ಒಂದು ಚಕ್ಕೆ ಬೆರಳಲ್ಲಿ ಹಿಸುಕಿ ನೋಡಿ ಕೇಳಿದಳು:
"ಮೇಷ್ಟ್ರೇ, ಗಾಡಿ ನಿಲ್ಲಿಸಿಕೊಂಡು
ಇಂಜಿನ್ನು ಎಲ್ಲಿ ಓಡಿಸುತ್ತೀರಿ?
ಓಡಿದ ಗಾಡಿಯ ಮಸಿ ಇಷ್ಟು ಒದ್ದೆಯಿರುವುದಿಲ್ಲ."

ಅವರು ಟೊಪ್ಪಿ ತೆಗೆದು ಒಳಗೆ ನೋಡಿದರು,
ಉತ್ತರ ಅಲ್ಲಿ ಬರೆದಿಟ್ಟ ಹಾಗೆ.
"ಆಸ್ಪತ್ರೆಯ ಹಿಂದೆ. ಕ್ಷಯದ ವಾರ್ಡು.
ಒಳಗೆ ಬಿಡುವುದಿಲ್ಲ. ಕಿಟಕಿ ಎತ್ತರ,
ಲಾಹ್ಯಾಗೆ ಎದ್ದು ನಿಲ್ಲಲಾಗದು.
ಈ ಸದ್ದು ಕೇಳಿದರೆ ನಾನು ಬಂದೆನೆಂದು ಗೊತ್ತಾಗುತ್ತದೆ.
ಒಂದು ಗಂಟೆ. ಕೆಲವು ದಿನ ಎರಡು.
ಹೊಗೆ ಅತ್ತ ಹೋಗದ ಹಾಗೆ
ಗಾಳಿ ನೋಡಿ ಬೇಲಿಯಾಚೆ ನಿಲ್ಲಿಸುತ್ತೇನೆ.
ಐದು ತಿಂಗಳಾಯಿತು."

ಟಾರ್ಚಿನ ಬೆಳಕು ಅಲುಗಿತು. ಅವಳು ಗದರಲಿಲ್ಲ.

ಬ್ಯಾಟರಿಯ ತಂತಿ ಮುಟ್ಟಿಸಿದಾಗ ಕವಾಟ ಟಕ್ಕೆಂದಿತು,
ತೆಗೆದಾಗ ಇನ್ನೊಮ್ಮೆ ಟಕ್.
ಹೊಸ ಗ್ಯಾಸ್ಕೆಟ್ಟು, ನಾಲ್ಕು ಬೋಲ್ಟು, ಕೀಲಿ.
ಒಂದು ನಿಮಿಷ ಕೆಮ್ಮಿ, ಉಳಿದ ಕರಿಯನ್ನೆಲ್ಲ ಕಕ್ಕಿ
ಇಂಜಿನ್ನು ಹೊಲಿಗೆ ಯಂತ್ರದ ಹಾಗೆ ಕೂತುಬಿಟ್ಟಿತು.
ಹಳದಿ ದೀಪವನ್ನೂ ಅವಳು ಅಳಿಸಿದಳು.

ಮೇಷ್ಟ್ರ ಮುಖ ಇಳಿಯಿತು.
"ಇದು ಬೇರೆ ಯಾರದೋ ಗಾಡಿಯ ಹಾಗಿದೆಯಲ್ಲ."

"ಹಾರ್ನ್ ಹಾಕಿ," ಅಂದೆ ನಾನು.
"ಹಾಕಬಾರದು ಅಂತ ಬೋರ್ಡಿದೆ ಮಗೂ.
ಏಳನೇ ಕ್ಲಾಸಿನ ಹುಡುಗರ ಕೈಲಿ ಬರೆಸಿದವನು ನಾನೇ."

ಸೈಲೆನ್ಸರಿನ ಮೇಲಿನ ತಗಡಿಗೆ
ಹತ್ತನೇ ನಂಬರಿನ ಒಂದು ಬೋಲ್ಟು ಸಡಿಲವಿತ್ತು.
ಗಾಡಿ ಬಂದಾಗಿನಿಂದ ಗಿಲಿಗಿಲಿ ಅನ್ನುತ್ತಿತ್ತು.
ಬಿಗಿ ಮಾಡೋಣವೆಂದು ಸ್ಪ್ಯಾನರ್ ಹಿಡಿದು
ಅರ್ಧ ಒಳಗೆ ತೂರಿದ್ದೆ,
ಕಾಲು ಹಿಡಿದು ಎಳೆದಳು.
ತಾನೇ ಅಂಗಾತ ಮಲಗಿ ನುಸುಳಿ
ಅದನ್ನು ಇನ್ನರ್ಧ ಸುತ್ತು ಸಡಿಲಿಸಿ ಬಂದಳು.

ಗಿಲಿಗಿಲಿ.
ಮೇಷ್ಟ್ರು ಟೊಪ್ಪಿ ಹಾಕಿಕೊಂಡರು.

"ದಿನಾ ಅಲ್ಲಿಗೆ ಹೋಗುವ ಮುಂಚೆ
ತ್ಸುಮೆಬ್ ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್
ಜೋರಾಗಿ ಓಡಿಸಿ. ಇಲ್ಲದಿದ್ದರೆ ಮತ್ತೆ ಕಟ್ಟುತ್ತದೆ."
ಚೀಟಿಯಲ್ಲಿ ಗ್ಯಾಸ್ಕೆಟ್ಟು, ಸ್ಪ್ರೇ, ಕೂಲಿ ಬರೆದಳು.
ಬೋಲ್ಟಿನ ಲೆಕ್ಕ ಬರೆಯಲಿಲ್ಲ.

ಗಾಡಿ ತಿರುವು ದಾಟಿದ ಮೇಲೂ
ನಾನು ಕಿವಿಗೊಟ್ಟು ನಿಂತೇ ಇದ್ದೆ.
"ಟಾರ್ಚ್ ಆರಿಸೋ ದಂಡಪಿಂಡ,
ಸೆಲ್ಲಿಗೆ ನಿಮ್ಮಪ್ಪ ದುಡ್ಡು ಕೊಡುತ್ತಾನಾ?"