ಇರಲಿಕ್ಕೆ ಲೀವ್

ಕಂದು ಲಕೋಟೆ ಗುರುವಾರ ಬಂತು.
ಆಗ ನನ್ನ ಬಳಿ ಇದ್ದದ್ದು ಹಾಸ್ಟೆಲಿನ ಇಂಗ್ಲಿಷು:
ಕೀ, ಕ್ಯೂ, ಸೈನ್, ಸಾರಿ.
ಇನ್ನೊಂದು, ಬಾಗಿಲಲ್ಲಿ ಸಿಗರೇಟು ಸೇದುವ ಹುಡುಗರಿಗೆ
ಕಾವಲಿನವನು ಗದ್ದ ಎತ್ತಿ ಹೇಳುತ್ತಿದ್ದದ್ದು: ಲೀವ್.

ಕಾಗದದ ಎರಡನೇ ಸಾಲಿನಲ್ಲಿ ಅದೇ ಕೂತಿತ್ತು,
ದಪ್ಪ ಅಕ್ಷರದಲ್ಲಿ, ನನ್ನ ಹೆಸರಿನ ಪಕ್ಕ.
ಮುಂದೆ ಓದಲಿಲ್ಲ. ಓದುವುದೇನಿದೆ
ಕತ್ತು ಹಿಡಿದ ಮೇಲೆ?
ಚೀಲಕ್ಕೆ ಎರಡು ಅಂಗಿ, ಕೀರ್ತನೆಯ ಪುಸ್ತಕ,
ಅಸ್ಮಾರಾದಿಂದ ಇಷ್ಟು ದೇಶ ದಾಟಿಯೂ ಒಡೆಯದ
ಮಣ್ಣಿನ ಕಾಫಿ ಹೂಜಿ, ಕಾಲುಚೀಲದಲ್ಲಿ ಸುತ್ತಿ.
ಬೂಟು ಬಿಚ್ಚದೆ ಬೆಳಗು ಮಾಡಿದೆ.

ಶುಕ್ರವಾರ, ಚರ್ಚಿನ ಹಿಂದಿನ ಕೋಣೆ.
ಗ್ರಿಮ್ಸ್‌ಬಿಯ ಗಾಳಿ, ಗಾಳಿಯಲ್ಲಿ ಹೊಗೆ ಹಾಕಿದ ಮೀನು.
ಮಿಸೆಸ್ ಪಾಸ್ಕ್ ಮೊದಲು ಚೀಲ ನೋಡಿದರು, ಆಮೇಲೆ ನನ್ನನ್ನು.
'ಲೆತೆಬ್ರಹಾನ್, ಏನಿದು?'
ಕಾಗದ ಕೊಟ್ಟೆ. ಕನ್ನಡಕ ಹಣೆಯಿಂದ ಇಳಿಸಿ
ಓದಿದರು. ಇನ್ನೊಮ್ಮೆ ಓದಿದರು.
ನಗುತ್ತಾರೆಂದುಕೊಂಡೆ, ಇಲ್ಲ; ಕುರ್ಚಿ ಎಳೆದು ಕೂತರು.
'ಲೀವ್ ಟು ರಿಮೇನ್. ಇರಲಿಕ್ಕೆ ಲೀವ್.
ಇಲ್ಲಿ ಇದು ಹೋಗು ಅಲ್ಲ ಮಗೂ,
ಅಪ್ಪಣೆ. ಐದು ವರ್ಷ ಇರು ಅಂತ.'

ಎಂಥಾ ಬಾಗಿಲು ಇದು,
ಹಿಡಿ ಒಂದೇ,
ಹೊರಗೂ ತಳ್ಳುತ್ತದೆ ಒಳಗೂ ಎಳೆಯುತ್ತದೆ!

ಅವತ್ತು ಪುಸ್ತಕ ತೆರೆಯಲಿಲ್ಲ.
ಬೋರ್ಡಿನ ಮೇಲೆ ಆ ಐದಕ್ಷರ, ಅಡಿಗೊಂದು ಗೀಟು.
ರೈಲು ಎಂಟೂ ಹತ್ತಕ್ಕೆ ಲೀವ್.
ಬಸ್ಸಿನಲ್ಲಿ ಕೊಡೆ ಉಳಿದರೂ ಲೀವ್.
ಅತ್ತೆ ಸಾಯುವಾಗ ಸೊಸೆಗೆ ಗಡಿಯಾರ ಬಿಟ್ಟುಹೋದರೂ ಲೀವ್.
'ಕೊಟ್ಟದ್ದಾ, ಮರೆತದ್ದಾ?' ಬಿಕ್ ಕೇಳಿದಳು.
ವಕೀಲರ ಕಾಗದ ನೋಡಬೇಕು, ಅಂದರು ಮಿಸೆಸ್ ಪಾಸ್ಕ್.
ಅಳುವವಳನ್ನು ಅವಳ ಪಾಡಿಗೆ ಬಿಡಿ ಅನ್ನುವುದಕ್ಕೂ ಅದೇ.
ಲೋಟದ ತಳದ ಚಹಾ ಎಲೆಗಳು ಮಾತ್ರ
ಬೇರೆ ಮನೆತನದವಂತೆ;
ಕರೆದರೆ ಓಗೊಡುವುದು ಅದೇ ಸದ್ದಿಗೆ.

ಆಮೇಲೆ ಅವರ ಅಪ್ಪನ ಮಾತು ಬಂತು.
ನೌಕಾಪಡೆಯವರು. ವರ್ಷಕ್ಕೆರಡು ಸಲ
ಅಮ್ಮ ಒಲೆಯ ಮುಂದಿಂದ ಕೂಗುವಳು:
ವಿನ್ನೀ, ಅಪ್ಪನಿಗೆ ಲೀವ್!
'ಏಳು ವರ್ಷದ ತನಕ ನನಗೆ
ಆ ಪದಕ್ಕಿದ್ದದ್ದು ಒಂದೇ ಅರ್ಥ,
ಮನೆಗೆ ಬರುವುದು.'
ಚಾಕು ಹರಿತ ಮಾಡುವವರ ಹಾಗೆ
ಸೀಮೆಸುಣ್ಣವನ್ನು ಬೋರ್ಡಿನ ಅಂಚಿಗೆ ತಿಕ್ಕಿದರು.
ಏಳರ ನಂತರ ಏನಾಯಿತೆಂದು ಯಾರೂ ಕೇಳಲಿಲ್ಲ.
ಕಿಟಕಿಯಾಚೆ ಕಡಲಹಕ್ಕಿಗಳು ಬೈದಾಡಿದವು.

ಭೂತಕಾಲ ಲೆಫ್ಟ್. ಎಡಗೈಗೂ ಅದೇ.
ಒಬ್ಬೊಬ್ಬರೂ ಒಂದು ವಾಕ್ಯ ಮಾಡಿ, ಅಂದರು.
ಇದ್ರಿಸ್: ಡಬ್ಬಿಯಲ್ಲಿ ಬಿಸ್ಕತ್ತು ಎರಡು ಲೆಫ್ಟ್.
ತಕ್ಷಣ ಒಂದು ಕಡಿಮೆಯಾಯಿತು.
ಕರ್ಜಾನ್, ಎಂದೂ ಬಾಯಿ ಬಿಡದವನು, ಎದ್ದು ನಿಂತ:
ಅಣ್ಣತಮ್ಮಂದಿರು ನಾವು ಏಳು. ಮೂವರು ಲೆಫ್ಟ್.
ಮಿಸೆಸ್ ಪಾಸ್ಕ್ ವ್ಯಾಕರಣದವರು, ತಡೆಯಲಾಗಲಿಲ್ಲ:
'ಹೋದವರು ಮೂವರೋ, ಉಳಿದವರು ಮೂವರೋ?'
ಅವನು ಬೋರ್ಡು ನೋಡಿದ. ಬೆರಳು ಮಡಿಚಿದ, ಬಿಚ್ಚಿದ.
'ವಾಕ್ಯ ಸರಿಯಿದೆಯಾ ಮಿಸ್?'
ಸರಿಯಿದೆ, ಅಂದರು.
ಕೂತ.

ನನ್ನ ಸರದಿ ಬರಲೇ ಇಲ್ಲ.
ಬಂದಿದ್ದರೆ ಏನನ್ನುತ್ತಿದ್ದೆ?
ಅಸ್ಮಾರಾ ಬಿಟ್ಟ ದಿನ ಆ ಪದವನ್ನು
ಯಾವ ಭಾಷೆಯಲ್ಲೂ ಆಡಿದವಳಲ್ಲ.
ಬ್ರೆಡ್ಡು ತರುತ್ತೇನೆ, ಅಂದೆ.
ಅಂಗಡಿ ಮುಚ್ಚಿರುತ್ತೆ, ಅಂದಳು ಅಕ್ಕ.
ಅಂದವಳು ಎದ್ದು, ಸೆರಗಿನ ಗಂಟು ಬಿಚ್ಚಿ
ಇದ್ದ ಚಿಲ್ಲರೆಯಷ್ಟೂ ಕೊಟ್ಟಳು.

ಹೊರಡುವಾಗ ಕತ್ತಲಾಗಿತ್ತು.
ಹೂಜಿಯನ್ನು ಕಾಲುಚೀಲದಿಂದ ಬಿಚ್ಚಿ
ಕಪಾಟಿನಲ್ಲಿ, ಅವರ ಕಪ್ಪುಗಳ ನಡುವೆ ಇಟ್ಟೆ.
'ಮರೆತೆಯಲ್ಲ,' ಕೂಗಿದರು ಹಿಂದಿನಿಂದ.
'ನೋ ಮಿಸ್. ಐ ಲೀವ್ ಇಟ್. ನೆಕ್ಸ್ಟ್ ಫ್ರೈಡೆ.'
ತಿದ್ದಲು ಬಾಯಿ ತೆರೆದವರು
ಹಾಗೇ ಬಿಟ್ಟರು.