ಖಾಲಿ ತೂಕ

ಬಾರವ್ವ ಇಂಪನ, ಕೂತ್ಕೊ.
ಆ ಸ್ಟೂಲು ಅಲ್ಲಾಡ್ತದೆ, ಗ್ವಾಡೆಗೆ ಒರಗಿಸ್ಕೊ.
ಕಬ್ಬಿನ ಗಾಡಿ ಬರೋಕೆ ಇನ್ನೂ ಅರ್ಧ ಗಂಟೆ ಅದೆ.
ವತ್ತಾರೆ ನಿಮ್ಮವ್ವ ಬಂದಿದ್ಲು,
ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಕೈಲೇ ಇತ್ತು.
"ನೀವಾದ್ರೂ ಬ್ಯಾಡ ಅನ್ನಿ ಅಣ್ಣ, ಮಿಲಿಟ್ರಿ ಕಂಡೋರು" ಅಂದ್ಲು.
ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನೀನು ನಾಲೆ ಏರಿ ಮೇಲೆ ಓಡೋದ ದಿನಾ ನೋಡ್ತೀನಿ.
ಎಡಗಾಲ ಒಂಚೂರು ಹೊರಕ್ಕೆ ಎಸೀತೀಯ, ತಿದ್ಕೊ.
ಮಂಡ್ಯದ ಸ್ಟೇಡಿಯಮ್ಮಲ್ಲಿ ನಾಕು ಸುತ್ತು ಓಡಿ ಅಭ್ಯಾಸ ಮಾಡು,
ಏರಿ ಮಣ್ಣು ಮೆತ್ತಗೆ, ಸುಳ್ಳು ಹೇಳ್ತದೆ.

ಊರ್ನೋರೆಲ್ಲ ನಾನು ಬಂದೂಕ ಹಿಡಿದಿದ್ದೆ ಅಂತಾನೇ ತಿಳ್ಕೊಂಡವ್ರೆ.
ಆಗಸ್ಟ್ ಹದಿನೈದಕ್ಕೆ ಸ್ಕೂಲಿಗೆ ಕರೆದು ಶಾಲು ಹೊದಿಸ್ತಾರೆ.
ಎಷ್ಟು ಜನರ್ನ ಹೊಡೆದ್ರಿ ಅಂತವೆ ಮಕ್ಕಳು.
ನಾನು ಹಿಡಿದಿದ್ದು ಹೇಸರಗತ್ತೆ ಹಗ್ಗ ಕಣವ್ವ, ಹದಿನೇಳು ವರ್ಷ.
ಹತ್ತುವಾಗ ಸೀಮೆಣ್ಣೆ, ಅಕ್ಕಿ, ಒಂದ್ಸಲ ಯಾರದೋ ಹಾರ್ಮೋನಿಯಂ.
ಇಳಿಯುವಾಗ ಬರೀ ಡಬ್ಬ.
ಎರಡು ಸಲ, ಕಂಬಳೀಲಿ ಸುತ್ತಿದ ಹುಡುಗರು.

ಅದಕ್ಕೆ ಹೆಸರಿರಲಿಲ್ಲ, ಗೊರಸಿನ ಮೇಲೆ ನಂಬರಿತ್ತು.
ನಾನು ಚೆಲುವಿ ಅಂತಿದ್ದೆ.
ಆ ಬೆಟ್ಟದಲ್ಲಿ ಕನ್ನಡ ತಿಳಿಯೋದು ಅದೊಂದಕ್ಕೇ.
ಒಂದು ಫೆಬ್ರವರೀಲಿ ಮಂಜಿನ ಮೇಲೆ ಕಾಲು ಜಾರ್ತು.
ಗೊರಸು ಕತ್ತರಿಸ್ಕೊಂಡು ಬಾ ಅಂದ್ರು,
ನಂಬರು ತೋರಿಸಿದ್ರೇ ಲೆಡ್ಜರಿಂದ ತೆಗೆಯೋದು.
ಇಳಿದೆ. ಕತ್ತರಿಸ್ದೆ. ಸಹಿ ಹಾಕ್ದೆ.
ಅವತ್ತು ರಾತ್ರಿ ನಾಕು ರೊಟ್ಟಿ ತಿಂದೆ.
ಅದ ಹೇಳ್ಬೇಕು ಅಂತಿದ್ದೆ ನಿಂಗೆ. ಹಸಿವಾಗ್ತದೆ.

ಹೆದರಿಸ್ತಿಲ್ಲ.
ಶಾಲು ಹೊದಿಸೋ ದಿನ ಇದ ಯಾರೂ ಕೇಳಲ್ಲ, ಅದಕ್ಕೆ ಅಂದೆ.

ಈ ಕಬ್ಬಿಣದ ತಗಡು ನೋಡು.
ಗಾಡಿ ತುಂಬ್ಕೊಂಡು ಹತ್ತುತ್ತೆ, ಬರ್ಕೋತೀನಿ.
ಸುರಿದು ಬಂದು ಖಾಲಿ ಹತ್ತುತ್ತೆ, ಬರ್ಕೋತೀನಿ.
ನಡುವೆ ಉಳಿಯೋದೇ ಕಬ್ಬು.
ಖಾಲಿ ತೂಕ ಗೊತ್ತಿಲ್ಲದ ಗಾಡಿ
ಎಷ್ಟು ಹೊತ್ತಿತ್ತು ಅಂತ ದೇವರೂ ಹೇಳಲಾರ.

ನಾನು ಬರ್ಕೊಂಡಿರಲಿಲ್ಲ.
ಪಿಯುಸಿ ಫೇಲು, ಅಪ್ಪನ ಮೇಲೆ ಸಿಟ್ಟು,
ಬಸ್ಸು ನಿಂತಿತ್ತು, ಹತ್ತಿಬಿಟ್ಟೆ.
ವಾಪಸ್ ಬಂದಾಗ ಮಾತು ಕಮ್ಮಿಯಾಗಿತ್ತು.
ಮೊದಲೇ ಕಮ್ಮಿ ಇತ್ತಾ, ಅಲ್ಲೆಲ್ಲೋ ಬಿದ್ದೋಯ್ತಾ?
ನೀವು ಹಿಂಗೇ ಇದ್ರಿ ಅಂತಾಳೆ ಹೆಂಡ್ತಿ.
ಸುಗ್ಗೀಲಿ ಅಣ್ಣನೇ ಪದ ಎತ್ತುತಿದ್ದ ಅಂತಾಳೆ ತಂಗಿ.

ನೀನು ಬರ್ಕೊ. ಫೋನಲ್ಲಿ ಬ್ಯಾಡ, ನೋಟ್‌ಬುಕ್ಕಲ್ಲಿ.
ಯಾವುದಕ್ಕೆ ಅಳ್ತೀಯ, ಯಾರ ಮೇಲೆ ಕೂಗಾಡ್ತೀಯ,
ರಾತ್ರಿ ನಾಯಿ ಬೊಗಳಿದ್ರೆ ಎದ್ದು ನೋಡ್ತೀಯೋ
ಮಗ್ಗುಲು ಬದಲಾಯಿಸ್ತೀಯೋ.

ಈಗ ನಾಕೇ ವರ್ಷ ಅಂತಾರೆ,
ನಾಕರಲ್ಲಿ ಮೂವರ್ನ ಮನೆಗೆ ಕಳಿಸ್ತಾರಂತೆ.
ಕಳಿಸಿದ್ರೆ ಅವಮಾನ ಅಲ್ಲ.
ಇಪ್ಪತ್ಮೂರಕ್ಕೆ ಏನು ಮಾಡ್ತೀಯ ಅಂತ ಮಾತ್ರ ಇವತ್ತೇ ಯೋಚ್ನೆ ಮಾಡು,
ಡಿಗ್ರಿ ಅರ್ಧಕ್ಕೆ ಬಿಡಬ್ಯಾಡ.

ದೇಶಕ್ಕೆ ಅಂತ ಹೋಗ್ತೀಯೋ, ಸಂಬಳಕ್ಕೆ ಅಂತ ಹೋಗ್ತೀಯೋ,
ಸೋದರಮಾವನ ಮಗನ ಮದುವೆ ಮಾತು ತಪ್ಪಿಸ್ಕೊಳ್ಳೋಕೋ, ಕೇಳಲ್ಲ.
ಮೂರೂ ಇರಬಹುದು.
ಬರೀ ಮೂರನೇದಾದ್ರೆ ಅಷ್ಟು ದೂರ ಯಾಕವ್ವ,
ನಾನೇ ಬಂದು ನಿಮ್ಮವ್ವನ ಹತ್ರ ಮಾತಾಡ್ತೀನಿ.

ಅಗೋ, ಹಾರ್ನು. ಟ್ರ್ಯಾಕ್ಟರ್ ಬಂತು, ಏಳು.
ತಡಿ, ಈ ತಗಡಿನ ಮೇಲೆ ಒಂದ್ನಿಮಿಷ ನಿಂತ್ಕೊ.
ನಗಬ್ಯಾಡ, ಅಲ್ಲಾಡಿದ್ರೆ ಮುಳ್ಳು ನಿಲ್ಲಲ್ಲ.
ಐವತ್ತು.
ಟನ್ನಿನ ಯಂತ್ರ, ಹತ್ತು ಕೇಜಿ ಆಚೆ ಈಚೆ ಇದ್ದೀತು.
ಚೀಟಿ ಹಿಡಿ.
ಗಾಡಿ ನಂಬರು ಅಂತ ಇರೋ ಜಾಗದಲ್ಲಿ
ನಿನ್ನ ಹೆಸರು ಬರ್ದಿದ್ದೀನಿ.