ಕಾರಣ ಎಂಬ ಕಾಲಂ

ಟೈಮ್ ಆಫೀಸಿನ ಬೀರುವಿನಲ್ಲಿ ಎರಡು ರಿಜಿಸ್ಟರು,
ಒಂದಕ್ಕೊಂದು ಒರಗಿಕೊಂಡು.
ರಜೆಯದು ತೆಳ್ಳಗೆ, ಮಡಿಕೆ ಮುರಿಯದ ಪಂಚೆಯ ಹಾಗೆ.
ಅಪಘಾತದ್ದು ದಪ್ಪ, ಮೂಲೆಗಳು ಮುದುಡಿವೆ,
ಪುಟಪುಟಕ್ಕೂ ಎಣ್ಣೆಗೈಯ ಹೆಬ್ಬೆಟ್ಟು.
ಹದಿನಾಲ್ಕು ವರ್ಷ ಎರಡನ್ನೂ ಬರೆದವಳು ನಾನೇ.
ಒಂದು ಇನ್ನೊಂದರ ಬಾಕಿ ಎಂದು
ಆ ಸೋಮವಾರದವರೆಗೆ ತೋಚಿರಲಿಲ್ಲ.

ಪೀಣ್ಯ ಎರಡನೇ ಹಂತ. ಬೆಳಗಿನ ಪಾಳಿ.
ಜುಂಜೇಶ ಬಂದ, ಲಗ್ಗೆರೆಯಿಂದ ನಡೆದು,
ಕಿವಿಗೆ ಮಫ್ಲರು, ಮೇ ತಿಂಗಳಲ್ಲಿ.
ಬೆರಳು ಒತ್ತುವ ಪೆಟ್ಟಿಗೆ ಎರಡು ಸಲ ಬೇಡವೆಂದಿತು,
ಬೆವರಿತ್ತು. ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದ.
"ಧನ್ಯವಾದಗಳು" ಎಂದಿತು, ಹೆಣ್ಣು ದನಿಯಲ್ಲಿ.

"ಮೈ ಕೆಂಡ ಆಗೈತಲ್ಲಪ್ಪ, ಮನೆಗೋಗು."
"ಹೋದ್ರೆ ಇವತ್ತಿಂದು ಹೋಯ್ತದೆ ಮೇಡಂ,
ಜೊತೆಗೆ ಹಾಜರಿ ಬೋನಸ್ಸು, ಎಂಟುನೂರು.
ಮಗೀಗೆ ಶೂ ತಗೋಬೇಕು."
ಇಎಸ್‌ಐ ಚೀಟಿ ತಂದರೂ ಮೊದಲೆರಡು ದಿನ ಬರಿಗೈ,
ಅದು ಅವನಿಗೂ ಗೊತ್ತು.
ಅವನ ಜ್ವರ ಯಾವತ್ತೂ ಎರಡೇ ದಿನದ್ದು.

ನನಗೆ ಇದೆ. ಸ್ಟಾಫಿಗೆ ವರ್ಷಕ್ಕೆ ಹನ್ನೆರಡು.
ಹೋದ ತಿಂಗಳು ಒಂದು ತಗೊಂಡೆ, ವೈರಲ್ ಫೀವರ್ ಅಂತ ಬರೆದು
ಮಾಗಡಿಗೆ ಹೋದೆ, ತಂಗಿ ಮಗಳಿಗೆ ಕಿವಿ ಚುಚ್ಚುವುದಿತ್ತು.
ಹೋಳಿಗೆ ಚೆನ್ನಾಗಿತ್ತು.
ಡ್ರಾಯರಿನಿಂದ ಅವನಿಗೊಂದು ಮಾತ್ರೆ ಕೊಟ್ಟೆ,
ಅದನ್ನು ಉಪಕಾರ ಅಂದುಕೊಂಡೆ.

ಅರವತ್ತು ಟನ್ನಿನ ಪ್ರೆಸ್ಸು.
ಶೀಟು ಇಡು, ಕೈ ತೆಗೆ, ತುಳಿ.
ಶೀಟು ಇಡು, ಕೈ ತೆಗೆ, ತುಳಿ.
ಗಂಟೆಗೆ ನಾನೂರು ಸಲ.
ಜ್ವರಕ್ಕೆ ನಡುವಿನ ಮಾತು ಮರೆಯಿತು.

ಹತ್ತು ಮುಕ್ಕಾಲು. ಟೀ ಇನ್ನೂ ಬಂದಿರಲಿಲ್ಲ.
ಕೂಗು ಕೇಳಲಿಲ್ಲ ನನಗೆ,
ಪ್ರೆಸ್ಸುಗಳು ಒಂದೊಂದಾಗಿ ನಿಲ್ಲುವುದು ಕೇಳಿಸಿತು,
ಕರೆಂಟು ಹೋದಾಗಲೇ ಫ್ಯಾನಿಗೆ ಸದ್ದಿತ್ತೆಂದು ತಿಳಿಯುತ್ತದಲ್ಲ, ಹಾಗೆ.
ಮೆಹರುನ್ನಿಸಾ ಪ್ಯಾಕಿಂಗಿನಿಂದ ಓಡಿದಳು
ದುಪಟ್ಟಾ ಎಳೆದುಕೊಂಡು, ಸುತ್ತುವುದಕ್ಕೆ.
ಆಟೋದಲ್ಲಿ ರಾಜಾಜಿನಗರದ ಆಸ್ಪತ್ರೆಗೆ.
ಗೊರಗುಂಟೆಪಾಳ್ಯದ ಸಿಗ್ನಲಿನಲ್ಲಿ ನಿಂತೇ ಇದ್ದೆವು,
ತಲೆಯ ಮೇಲೆ ಮೆಟ್ರೋ ಮೂರು ಸಲ ಹೋಯಿತು.

ಸಂಜೆ ಗೇಟಿನ ಬೋರ್ಡಿನಲ್ಲಿ
'ಅಪಘಾತವಿಲ್ಲದ ದಿನಗಳು ೧೧೨' ಇದ್ದದ್ದನ್ನು
ಒರೆಸಿ ಸೊನ್ನೆ ಬರೆದೆ.
ರಿಜಿಸ್ಟರು ತೆಗೆದೆ. ಹೆಸರು, ವಯಸ್ಸು, ಯಂತ್ರ.
ಅಂಗ: ಬಲಗೈ, ತೋರುಬೆರಳು, ನಡುಬೆರಳು.
ಕಾರಣ:
ಇಲ್ಲಿ ಯಾವಾಗಲೂ 'ಕಾರ್ಮಿಕನ ಅಜಾಗರೂಕತೆ'.
ಸೂಪರ್‌ವೈಸರ್ ಆರೋಕ್ಯಸ್ವಾಮಿ ಹೇಳಿಕೊಟ್ಟದ್ದು,
ಕಣ್ಣು ಮುಚ್ಚಿ ಬರೆಯಬಲ್ಲೆ.

ಹಿಂದಿನ ಪುಟ ತಿರುವಿದೆ.
ಕೂಸಿಗೆ ಹುಷಾರಿಲ್ಲವೆಂದು ರಾತ್ರಿಯಿಡೀ ಎದ್ದಿದ್ದವನು.
ಭೇದಿ ಹತ್ತಿದ್ದವನು.
ಬೆನ್ನು ಹಿಡಿದಿದ್ದವಳು, ಟ್ರಾಲಿ ಕೈಬಿಟ್ಟವಳು.
ಬೆಳಗ್ಗೆ ನನ್ನ ಕಿಟಕಿಯಲ್ಲಿ ನಿಂತ ಮುಖಗಳು ಅವು,
ಒಂದೂ ಮರೆತಿಲ್ಲ.
ಅದೇ ತಾರೀಖುಗಳನ್ನು ಇನ್ನೊಂದರಲ್ಲಿ ಹುಡುಕಿದೆ,
ಖಾಲಿ ಸಾಲು, ಖಾಲಿ ಸಾಲು.

ಬರೆದೆ: ಜ್ವರ.
ಎರಡೇ ಅಕ್ಷರ. ಮಾಲೀಕರು ಕರೆಸಿದರು,
"ಏನಮ್ಮ ಇದು, ಪ್ರೆಸ್ಸಿಗೆ ಜ್ವರ ಬಂದಿತ್ತಾ?"
ಎಲ್ಲರೂ ನಕ್ಕರು. ನಾನೂ, ಸ್ವಲ್ಪ.
ವೈಟ್ನರ್ ಬಾಟಲಿಯನ್ನು ನನ್ನ ಕಡೆ ಸರಿಸಿದರು.
ಇನ್ನೂ ಮೇಜಿನ ಮೇಲೇ ಇದೆ, ಮುಚ್ಚಳ ಸಡಿಲ,
ಒಣಗುತ್ತಿರಬೇಕು.

ಬೆರಳಿಗೆ ರಜೆ ಸಿಕ್ಕಿತು, ಕಾಸಿನ ಸಮೇತ,
ಎರಡು ತಿಂಗಳು ಹದಿನಾರು ದಿನ.
ಜ್ವರ ಕೇಳಿದ್ದು ಒಂದು.

ಆಗಸ್ಟಿನಲ್ಲಿ ಬಂದ. ಪ್ಯಾಕಿಂಗಿಗೆ ಹಾಕಿದ್ದಾರೆ.
ಕಿಟಕಿಯಲ್ಲಿ ನಿಂತು, ಅಭ್ಯಾಸಬಲ, ಬಲಗೈಯನ್ನೇ ಚಾಚಿದ.
ಗಾಜಿನ ಮೇಲೆ ಹಸಿರು ಬೆಳಕು ಕಾಯುತ್ತಿತ್ತು.
ಪೆಟ್ಟಿಗೆಗೆ ಗೊತ್ತಿದ್ದದ್ದು ಆ ತೋರುಬೆರಳೊಂದೇ.
ಅವನು ನನ್ನ ಕಡೆ ನೋಡಿದ,
ನಾನು ಮಗುವಿನ ಶೂ ವಿಷಯ ಕೇಳಿದೆ.
"ತಗೊಂಡೆ ಮೇಡಂ, ಒಂದು ಸೈಜು ದೊಡ್ಡದು."
"ದಯವಿಟ್ಟು ಬೇರೆ ಬೆರಳು ಇಡಿ"
ಎಂದಿತು ಪೆಟ್ಟಿಗೆ, ಅದೇ ದನಿಯಲ್ಲಿ.